ಸುಳ್ಳು ಕುಸ್ತಿ, ನಿಜವಾದ ಮೌನ

"ಅದೆಲ್ಲ ಮೊದಲೇ ಮಾತಾಡ್ಕೊಂಡು ಆಡೋ ಆಟ ಕಣೋ" ಅಂತ ನಮ್ಮ ದೊಡ್ಡಪ್ಪ ಟಿವಿ ಆರಿಸುತ್ತಿದ್ದರು. ತೊಂಬತ್ತರ ದಶಕ, ಕೇಬಲ್ ಹೊಸದು, ನಮ್ಮ ಜೇಬಿನ ತುಂಬ ಡಬ್ಲ್ಯೂಡಬ್ಲ್ಯೂಎಫ್ ಅನ್ನೋ ಅಮೆರಿಕದ ಕುಸ್ತಿ ಕಂಪನಿಯ ಟ್ರಂಪ್ ಕಾರ್ಡು. ಇದೇ ದೊಡ್ಡಪ್ಪ ರಾತ್ರಿಯಿಡೀ ಕೂತು ಗದಾಯುದ್ಧ ಪ್ರಸಂಗ ನೋಡಿ ಬರುವವರು. ದುರ್ಯೋಧನ ಸೋಲ್ತಾನೆ ಅಂತ ಅವರಿಗೆ ಮೊದಲೇ ಗೊತ್ತಿರಲಿಲ್ವಾ?

ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಕುಸ್ತಿಗೆ ಹೆಸರಾದ ಒಳಾಂಗಣ ಕ್ರೀಡಾಂಗಣ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಗ್ಗೆ ಇಷ್ಟುದ್ದ ಬರೀತಿದ್ದೀನಿ. ಹೆಸರಲ್ಲಷ್ಟೇ ಗಾರ್ಡನ್. ಆ ಸ್ಕ್ವೇರ್ ಬಿಟ್ಟು ಬೇರೆ ಕಡೆ ಹೋಗಿಯೂ ನೂರು ವರ್ಷವಾಯಿತು. 1879ರಿಂದ ಎಣಿಸಿದರೆ ಈಗಿರುವುದು ನಾಲ್ಕನೇ ಕಟ್ಟಡ, 1968ರಲ್ಲಿ ಪೆನ್ ಸ್ಟೇಷನ್ ಅನ್ನೋ ರೈಲು ನಿಲ್ದಾಣದ ನೆತ್ತಿಯ ಮೇಲೆ ತೆರೆದದ್ದು.

ಮೂರನೇ ಕಟ್ಟಡದಲ್ಲಿ 1957ರ ನವೆಂಬರ್ 19ರಂದು ಆಂಟೋನಿನೊ ರೊಕ್ಕಾ ಜೋಡಿಗೂ ಡಿಕ್ ದ ಬ್ರೂಯಿಸರ್ ಜೋಡಿಗೂ ಕುಸ್ತಿ. ರಕ್ತ ಕಂಡ ಜನ ರಿಂಗಿಗೇ ನುಗ್ಗಿದರು, ಕುರ್ಚಿಗಳು ಹಾರಿದವು. ಆಮೇಲೆ ಹದಿನಾಲ್ಕು ತುಂಬದ ಮಕ್ಕಳಿಗೆ ಒಳಗೆ ಪ್ರವೇಶವೇ ಇಲ್ಲ ಅಂತಾಯಿತು. ಸುಳ್ಳು ಕುಸ್ತಿಗೆ ನಿಜವಾದ ಪೊಲೀಸರು!

ನನಗೆ ಎಲ್ಲಕ್ಕಿಂತ ಹಿಡಿಸುವುದು ಬ್ರೂನೊ ಸಮ್ಮಾರ್ಟಿನೊ ಕಥೆ. ಇಟಲಿಯ ಹಳ್ಳಿ ಹುಡುಗ. ಯುದ್ಧದಲ್ಲಿ ಜರ್ಮನ್ ಸೈನ್ಯಕ್ಕೆ ಹೆದರಿ ಅಮ್ಮನ ಜೊತೆ ಬೆಟ್ಟದಲ್ಲಿ ಅಡಗಿದ್ದವನು, 1950ರಲ್ಲಿ ಅಮೆರಿಕಕ್ಕೆ ಬಂದ. 1963ರ ಮೇ 17ರಂದು ಹಳೇ ಗಾರ್ಡನ್‌ನಲ್ಲಿ ಬಡ್ಡಿ ರೋಜರ್ಸ್‌ನನ್ನು 48 ಸೆಕೆಂಡಿನಲ್ಲಿ ಮುಗಿಸಿ ಚಾಂಪಿಯನ್ ಬೆಲ್ಟ್ ಕಟ್ಟಿಕೊಂಡ. ಏಳೂವರೆ ವರ್ಷ ಬಿಡಲೇ ಇಲ್ಲ. ಅಷ್ಟರಲ್ಲಿ ಕಟ್ಟಡವೇ ಬದಲಾಗಿತ್ತು. 187 ಸಲ ಗಾರ್ಡನ್ ತುಂಬಿಸಿದ ಅನ್ನೋದು ಮಾತ್ರ ಅಭಿಮಾನಿಗಳ ಉಪ್ಪುಖಾರ. ಕೂತು ಎಣಿಸಿದವರ ಲೆಕ್ಕ ಅದಕ್ಕಿಂತ ತುಂಬಾ ಕಡಿಮೆ.

1971ರ ಜನವರಿ 18. ಎದುರಿಗೆ 'ರಷ್ಯಾದ ಕರಡಿ' ಇವಾನ್ ಕೊಲಾಫ್. (ಅಸಲಿಗೆ ಕೆನಡಾದವನು. ಬಣ್ಣ ಹಚ್ಚಿದ ಮೇಲೆ ಊರು ಯಾವುದಾದರೇನು.) ಅವನು ಹಗ್ಗದ ಮೇಲಿಂದ ಹಾರಿ ಮೊಣಕಾಲು ಊರಿದ, ರೆಫರಿ ಮೂರು ಎಣಿಸಿದ. ಗಾರ್ಡನ್‌ನಲ್ಲಿ ಸದ್ದೇ ಇಲ್ಲ. ಕಿವಿಗೆ ಪೆಟ್ಟು ಬಿದ್ದು ಕೆಟ್ಟೇಹೋಯಿತೇನೋ ಅಂದುಕೊಂಡೆ ಅಂತ ಬ್ರೂನೊ ಆಮೇಲೆ ಹೇಳಿಕೊಂಡ. ಆಮೇಲೆ ಕೇಳಿಸಿದ್ದು ಅಳು. ಗಲಾಟೆಯಾದೀತೆಂದು ಕೊಲಾಫ್‌ಗೆ ರಿಂಗಿನಲ್ಲಿ ಬೆಲ್ಟನ್ನೂ ಕೊಡಲಿಲ್ಲ. ಮೂರೇ ವಾರದಲ್ಲಿ ಪೋರ್ಟೊರಿಕೊದ ಪೆಡ್ರೊ ಮೊರಾಲೆಸ್ ಅಲ್ಲೇ ಅವನನ್ನು ಕೆಡವಿದ. ವಲಸೆ ಬಂದವರ ಊರಲ್ಲಿ ಯಾರು ಗೆದ್ದರೆ ಯಾವ ಗಲ್ಲಿ ಕುಣಿಯುತ್ತದೆ ಅನ್ನೋದು ಆಡಿಸುವವರಿಗೆ ಚೆನ್ನಾಗಿ ಗೊತ್ತಿತ್ತು.

1985ರಲ್ಲಿ ಇದೇ ಗಾರ್ಡನ್‌ನಲ್ಲಿ ನಡೆದ ಮೊದಲ ರೆಸಲ್‌ಮೇನಿಯಾ, ಅಂದರೆ ಡಬ್ಲ್ಯೂಡಬ್ಲ್ಯೂಎಫ್‌ನ ದೊಡ್ಡ ಜಾತ್ರೆ, ಎಲ್ಲರಿಗೂ ಗೊತ್ತು. 19,121 ಜನ, ರೆಫರಿಯಾಗಿ ಮೊಹಮ್ಮದ್ ಅಲಿ. ನನಗೆ ಅದಕ್ಕಿಂತ 1996ರ ಮೇ 19 ಮುಖ್ಯ. ಕಂಪನಿ ಬಿಟ್ಟು ಹೊರಟಿದ್ದ ಕೆವಿನ್ ನ್ಯಾಶ್, ಸ್ಕಾಟ್ ಹಾಲ್ ಜೊತೆ ಶಾನ್ ಮೈಕಲ್ಸ್, ಟ್ರಿಪಲ್ ಎಚ್ ಇಲ್ಲಿನ ರಿಂಗಿನಲ್ಲೇ ತಬ್ಬಿಕೊಂಡರು. ನಾಯಕ, ಖಳನಾಯಕ ಎಲ್ಲ ಒಟ್ಟಿಗೆ. ಭೀಮ ದುರ್ಯೋಧನ ಚೌಕಿಗೆ ಹೋಗೋ ಮೊದಲೇ, ರಂಗದ ಮೇಲೇ ಕಿರೀಟ ತೆಗೆದು ಬೀಡಿ ಹಚ್ಚಿದ ಹಾಗೆ. ಶಿಕ್ಷೆ ಬಿದ್ದಿದ್ದು, ಕಂಪನಿಯಲ್ಲೇ ಉಳಿದ ಟ್ರಿಪಲ್ ಎಚ್‌ಗೆ. ಜನ ಮಾತ್ರ ಟಿಕೆಟ್ ಕೊಳ್ಳೋದು ಬಿಡಲಿಲ್ಲ.

ದೊಡ್ಡಪ್ಪ ಈಗಿಲ್ಲ. ಇದ್ದಿದ್ದರೆ ಬ್ರೂನೊ ಬಿದ್ದ ರಾತ್ರಿಯ ಕಥೆ ಹೇಳಿ, "ಈಗ ಹೇಳಿ ದೊಡ್ಡಪ್ಪ, ಅತ್ತವರಿಗೂ ಮೊದಲೇ ಹೇಳಿಕೊಟ್ಟಿದ್ರಾ?" ಅಂತ ಕೇಳಬೇಕಿತ್ತು.