ದೇವರು ಇಬ್ಬರೇ, ಪಟ ಮಾತ್ರ ಹತ್ತಾರು

ಕೊರಿಯಾದ ಪಾಪ್ ಹಾಡುಗಾರರ ತಂಡವೊಂದಕ್ಕೆ ಎರಡು ಹೆಸರು: ಕೊರಿಯಾದಲ್ಲಿ ಡೊಂಗ್ ಬಾಂಗ್ ಶಿನ್ ಕಿ, ಜಪಾನಿನಲ್ಲಿ ತೋಹೋಶಿಂಕಿ. ಬರೆಯುವ ನಾಲ್ಕು ಅಕ್ಷರ ಒಂದೇ, ಓದುವುದು ಬೇರೆ. ಮೂಡಣದಲ್ಲಿ ಎದ್ದ ದೇವರುಗಳು ಅಂತ ಅರ್ಥವಂತೆ. 2003ರಲ್ಲಿ ಐದು ದೇವರಿದ್ದರು. ಕಂಪನಿ ಜೊತೆಗಿನ ಜಗಳ ಕೋರ್ಟು ಹತ್ತಿ ಮೂವರು ಹೊರನಡೆದರು. ಉಳಿದ ಯುನ್ಹೋ, ಚಾಂಗ್‌ಮಿನ್ ಜೋಡಿ 2011ರ ಜನವರಿ 26ರಂದು ಜಪಾನಿನಲ್ಲಿ ಸಿಂಗಲ್ ಬಿಟ್ಟಿತು. ಅದೇ ತಿಂಗಳು ಕೊರಿಯಾದಲ್ಲಿ ಬಂದಿದ್ದ ಹಾಡೇ, ಜಪಾನಿ ಮಾತು ತೊಟ್ಟು ಬಂತು. ಜಪಾನಿನ ಸಿಡಿ ಮಾರಾಟ ಲೆಕ್ಕ ಹಾಕುವ ಒರಿಕಾನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಹೋಯಿತು.

ಇಬ್ಬರೂ ಗಟ್ಟಿ ಹಾಡುಗಾರರು, ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಇರುವುದು ಸಿಡಿ ಅಂಗಡಿಯಲ್ಲಿ.

ಜಪಾನಿನಲ್ಲಿ ಹೊಸ ಸಿಡಿಗೆ ಕಂಪನಿ ಹಾಕಿದ್ದೇ ಬೆಲೆ. ಅಂಗಡಿಯವರು ಹತ್ತು ಯೆನ್ ಇಳಿಸುವ ಹಾಗಿಲ್ಲ. ಹಾಗಾದ್ರೆ ಗಿರಾಕಿ ಈ ಅಂಗಡಿಗೇ ಯಾಕೆ ಬರಬೇಕು? ಇಲ್ಲಿ ಪೋಸ್ಟರ್ ಕೊಡುತ್ತಾರೆ, ಅದಕ್ಕೆ. ಪಕ್ಕದ ಅಂಗಡಿಯಲ್ಲಿ ಬೇರೆ ಪೋಸ್ಟರ್, ಅದಕ್ಕೆ ಅಲ್ಲಿಗೂ ಹೋಗಬೇಕು. ಮೇಲಿಂದ ಹಾಡು ಒಂದೇ ಆದರೂ ಸಿಡಿ ಮೂರು ಥರ: ಡಿವಿಡಿ ಇರುವುದು, ಇಲ್ಲದ್ದು, ಅಭಿಮಾನಿ ಸಂಘದವರಿಗೆ ಅಂತಲೇ ಮಾಡಿದ್ದು. ಮೊದಲ ಕಂತಿನ ಪೊಟ್ಟಣದಲ್ಲಿ ಒಂದು ಫೋಟೋ ಕಾರ್ಡು. ಯಾವುದು ಬರುತ್ತದೋ, ನಿಮ್ಮ ಹಣೆಬರಹ.

ಹದಿಮೂರು ಜನರ ತಂಡವನ್ನು ಪ್ರೀತಿಸಿದವರ ಪಾಡು ಕೇಳಲೇಬೇಡಿ. ಇಲ್ಲಿ ಇರುವುದು ಇಬ್ಬರೇ ಅಲ್ವಾ, ನಾಣ್ಯ ಚಿಮ್ಮಿದಷ್ಟು ಸಲೀಸು ಅಂದುಕೊಂಡಿದ್ದೆ. ಪೆದ್ದ ನಾನು! ಕರಿ ಕೋಟಿನ ಯುನ್ಹೋ ಬೇರೆ, ಬಿಳಿ ಕೋಟಿನ ಯುನ್ಹೋ ಬೇರೆ. ನಗುವ ಚಾಂಗ್‌ಮಿನ್ ಒಬ್ಬ, ಗಲ್ಲಕ್ಕೆ ಕೈಕೊಟ್ಟು ಕೂತ ಚಾಂಗ್‌ಮಿನ್ ಇನ್ನೊಬ್ಬ. ಮೂವರು ಬಿಟ್ಟುಹೋದ ಜಾಗವನ್ನು ದರ್ಜಿಯೇ ತುಂಬಿಬಿಡುತ್ತಾನೆ.

ಈ ಆಟ ಕೊರಿಯಾದವರು ಕಂಡುಹಿಡಿದಿದ್ದೇನಲ್ಲ. ಜಪಾನಿನ ಹುಡುಗಿಯರ ಹಾಡಿನ ತಂಡ ಎಕೆಬಿ48ರವರು, ತಂಡದಲ್ಲಿ ಮುಂದೆ ನಿಲ್ಲುವವರು ಯಾರು ಅಂತ ಅಭಿಮಾನಿಗಳು ಆರಿಸುವ ಓಟಿನ ಚೀಟಿಯನ್ನೇ ಸಿಡಿ ಒಳಗೆ ಇಡುತ್ತಿದ್ದರು. 2017ರಲ್ಲಿ ಫುಕುವೋಕಾದ ಬೆಟ್ಟವೊಂದರಲ್ಲಿ ಆ ತಂಡದ 585 ಸಿಡಿಗಳು ಕಸವಾಗಿ ಬಿದ್ದಿದ್ದವು. ಎಸೆದವನ ಮೇಲೆ ಕೇಸಾಯಿತು. ಚೀಟಿ ತುಂಬಿ ಮಾರಿದವರ ಮೇಲೆ ಯಾರು ಕೇಸು ಹಾಕುತ್ತಾರೆ? ಅವರದು ದಾಖಲೆ ಮಾರಾಟ.

ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಮೂಗನ್ನೇ ಬಿಸಾಡಿ ಮೂಗುತಿ ಮನೆಗೆ ಒಯ್ಯುತ್ತಾರೆ.

ಜಪಾನಿನಲ್ಲಿ ಸಿಡಿ ಬಿಡುಗಡೆ ಸಾಮಾನ್ಯವಾಗಿ ಬುಧವಾರ. ಮಾಲು ಮಂಗಳವಾರವೇ ಅಂಗಡಿಗೆ ಬಂದಿರುತ್ತದೆ, ಒಂದು ದಿನ ಕಾಯಲು ಯಾರಿಗೆ ತಾಳ್ಮೆ? ಅಭಿಮಾನಿಯೊಬ್ಬಳು ಆರು ಪೊಟ್ಟಣ ತಂದಳು ಅಂತಿಟ್ಟುಕೊಳ್ಳಿ. ಉಗುರಿನಿಂದ ಪ್ಲಾಸ್ಟಿಕ್ ಬಿಡಿಸುತ್ತಾಳೆ. ಕರಿ ಕೋಟು. ಮತ್ತೆ ಕರಿ ಕೋಟು. ಮೂರನೆಯದೂ ಕರಿ ಕೋಟು. ಬಿಳಿ ಕೋಟು ಯಾರ ಹತ್ತಿರ ಇದೆ, ಬದಲಿಗೆ ಕೊಡ್ತೀರಾ ಅಂತ ಫೋನಿನಲ್ಲಿ ಹುಡುಕಾಟ ಶುರು. ಪಕ್ಕದಲ್ಲಿ ಆರು ಸಿಡಿ, ಒಂದರ ಮೇಲೊಂದು ಸುಮ್ನೆ ಕೂತಿವೆ. ಹಾಕಲು ಮನೆಯಲ್ಲಿ ಪ್ಲೇಯರ್ ಇಲ್ಲ. ಹಾಡೇನೋ ಕೇಳುತ್ತಲೇ ಇದೆ, ಫೋನಿನಲ್ಲಿ.