ಗೀಸರ್ ಆರಿಸಿದೆಯೇನೋ?

ಕಳೆದ ಧನುರ್ಮಾಸದಲ್ಲಿ ನಮ್ಮ ಮನೆಯ ಗೀಸರ್ ಅಳಲು ತೊಡಗಿತು. ಹನ್ನೆರಡು ವರ್ಷ ಸದ್ದಿಲ್ಲದೆ ದುಡಿದಿದ್ದ 25 ಲೀಟರಿನ ಜೀವ. ರಾತ್ರಿಯೆಲ್ಲ ಟಪ್, ಟಪ್ ಎನ್ನುತ್ತಿತ್ತು. ಕೆಳಗೊಂದು ಬಕೆಟ್ ಇಟ್ಟೆವು. ಬೆಳಗಾಗುವಷ್ಟರಲ್ಲಿ ಅರ್ಧ ಬಕೆಟ್ ನೀರು. ಅಮ್ಮ ಅದನ್ನು ದಾಸವಾಳದ ಗಿಡಕ್ಕೆ ಸುರಿದರು. ಆ ವಾರ ದಾಸವಾಳ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತಾದ್ದರಿಂದ ರಿಪೇರಿಯ ಮಾತು ಒಂದು ವಾರ ಮುಂದಕ್ಕೆ ಹೋಯಿತು.

ಮಗ ಮಾತ್ರ ಇದೇ ಸಮಯವೆಂದು ಟ್ಯಾಂಕ್‌ಲೆಸ್ ಪುರಾಣ ತೆಗೆದ. ತೊಟ್ಟಿಯೇ ಇಲ್ಲದ ಗೀಸರ್; ನಲ್ಲಿ ತಿರುಗಿಸಿದರೆ ನೀರು ಹರಿಯುತ್ತಲೇ ಕಾಯುತ್ತದೆ, ಎಂದಿಗೂ ಮುಗಿಯುವುದಿಲ್ಲ, ಕರೆಂಟೂ ಉಳಿಯುತ್ತದೆ. ಅಮೆರಿಕದ ಮೂರು ವಿಡಿಯೊಗಳನ್ನು ನನಗೆ ತೋರಿಸಿದ. ಕರೆಂಟು ಉಳಿಯುವ ಮಾತು ಕೇಳಿ ನಾನು ಕಾಗದ ಪೆನ್ನು ತೆಗೆದುಕೊಂಡೆ. ನಿವೃತ್ತ ಗಣಿತ ಮೇಷ್ಟ್ರಿಗೆ ಇಂಥ ಸುಖ ದಿನಾ ಸಿಗುವುದಿಲ್ಲ.

22 ಡಿಗ್ರಿಯ 25 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಲು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಕರೆಂಟು ಬೇಕು. ತೊಟ್ಟಿ ಇರಲಿ, ಬಿಡಲಿ, ನೀರು ಕೇಳುವ ಶಾಖ ಅಷ್ಟೇ. ಹಾಗಾದರೆ ಉಳಿತಾಯ ಎಲ್ಲಿಂದ ಬಂತು? ವಿಡಿಯೊವನ್ನು ಇನ್ನೊಮ್ಮೆ ನೋಡಿದಾಗ ಗುಟ್ಟು ತಿಳಿಯಿತು. ಅವರ ಮನೆಗಳಲ್ಲಿ ದೊಡ್ಡ ತೊಟ್ಟಿ ಹಗಲೂ ರಾತ್ರಿಯೂ ಬಿಸಿಯಾಗಿಯೇ ಇರುತ್ತದೆ. ಯಾರೂ ಸ್ನಾನ ಮಾಡದಿದ್ದರೂ ಆರುತ್ತದೆ, ಮತ್ತೆ ಕಾಯುತ್ತದೆ. ತೊಟ್ಟಿಯನ್ನೇ ತೆಗೆದರೆ ಆ ದಂಡ ತಪ್ಪುತ್ತದೆ, ಅಷ್ಟೇ. ನಮ್ಮ ಮನೆಯಲ್ಲಿ ಹಾಗೆ ಒಂದು ದಿನ ನಡೆಯಲಿ ನೋಡೋಣ! ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಸ್ವಿಚ್ ಹಾಕಬೇಕು, ಚೊಂಬು ಹಿಡಿಯುವ ಮೊದಲು ಆರಿಸಬೇಕು. ಮರೆತವರು ಮೈ ಒರೆಸಿಕೊಳ್ಳುವುದರೊಳಗೆ ಹಾಲಿನಿಂದ ಅಮ್ಮನ ಧ್ವನಿ ಬರುತ್ತದೆ: "ಗೀಸರ್ ಆರಿಸಿದೆಯೇನೋ?" ಎಪ್ಪತ್ತೆಂಟು ವರ್ಷದ ಅಮ್ಮನಿಗೆ ಟಿವಿ ಕೇಳಿಸುವುದಿಲ್ಲ, ಗೀಸರಿನ ಕೆಂಪು ದೀಪ ಮಾತ್ರ ಗೋಡೆಯಾಚೆಯಿಂದಲೂ ಕಾಣಿಸುತ್ತದೆ. ಅಮೆರಿಕದವರು ಡಾಲರು ಸುರಿದು ಪಡೆಯುವ ಉಳಿತಾಯ ನಮಗೆ ಪುಕ್ಕಟೆಯಾಗಿ ಸಿಗುತ್ತಿದೆ.

ಮುಗಿಯದ ಬಿಸಿನೀರು ಎಂಬುದು ಇನ್ನೂ ದೊಡ್ಡ ಅಪಾಯ. 25 ಲೀಟರ್ ಕಾದ ನೀರಿಗೆ ತಣ್ಣೀರು ಬೆರೆಸಿದರೆ ಹದವಾದ ಮೂರು ಬಕೆಟ್ ಆಗುತ್ತದೆ. ಮಗನನ್ನು ಬಚ್ಚಲಿನಿಂದ ಹೊರಗೆ ತರುವ ಶಕ್ತಿ ಈ ಮನೆಯಲ್ಲಿ ಆ ಮೂರನೆಯ ಬಕೆಟ್ಟಿಗೆ ಮಾತ್ರ ಇದೆ. ಅದೂ ಇಲ್ಲವಾದರೆ ಗೃಹಜ್ಯೋತಿಯ 200 ಯೂನಿಟ್ ದಾಟಿ ಇಡೀ ಬಿಲ್ಲು ನಮ್ಮ ತಲೆಗೆ ಬರುತ್ತದೆ.

ಲೆಕ್ಕ ಕೇಳಿ ನನ್ನ ಹೆಂಡತಿ, "ಕಾಗದದಲ್ಲಿ ಸ್ನಾನ ಮಾಡಿದ್ದು ಸಾಕು. ಮಂಡ್ಯದ ಭಾವನ ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಲ್ಲ, ಹೋಗಿ ನೋಡಿಕೊಂಡು ಬನ್ನಿ" ಎಂದಳು. ಅದೂ ತೊಟ್ಟಿ ಇಲ್ಲದ್ದೇ. ನನ್ನ ಷಡ್ಡಕನಿಗೆ ಮಂಡ್ಯದಲ್ಲಿ ಮನೆ, ಊರಾಚೆ ಎರಡು ಎಕರೆ ಕಬ್ಬು. ಯಾವ ವಿಷಯವನ್ನೂ ಕಾವೇರಿಯವರೆಗೆ ಎಳೆದು ತರುವುದು ಅವರ ಹುಟ್ಟುಗುಣ. "1902ರಲ್ಲೇ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು ಕೋಲಾರದ ಗಣಿಗೆ ಕಳಿಸಿದರು. ನೀವು ಮೈಸೂರಿನವರು ಕಾವೇರಿಯಿಂದ ಬಂದ ಕರೆಂಟಿನಲ್ಲಿ ಕಾವೇರಿಯನ್ನೇ ಕಾಯಿಸುತ್ತೀರಿ. ಇದೇನು ವ್ಯವಹಾರ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಮನುಷ್ಯ ಜಾಣರು. ಗೀಸರನ್ನು ಬಚ್ಚಲಿನೊಳಗೆ ಇಡದೆ ಹೊರಗಿನ ಗೋಡೆಗೆ ಹಾಕಿಸಿದ್ದರು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರದಿರುವಷ್ಟು ವಿಷ. ಈ ಒಂದು ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ.

ಭಾನುವಾರ ಅಕ್ಕ ತಲೆಗೆ ಹರಳೆಣ್ಣೆ ತಟ್ಟಿ ಕಳಿಸಿದರು. ನಲ್ಲಿ ತಿರುಗಿಸಿದೆ. ಗೋಡೆಯಾಚೆ ಬುಸ್ಸೆಂದು ಜ್ವಾಲೆ ಹತ್ತಿತು. ಎರಡೇ ಕ್ಷಣದಲ್ಲಿ ಹಬೆಯಾಡುವ ನೀರು. ಇದಲ್ಲವೇ ವೈಭೋಗ ಎಂದುಕೊಂಡು ಸೀಗೆಪುಡಿ ಬಳಿದುಕೊಂಡೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಅಕ್ಕ ಅಕ್ಕಿ ತೊಳೆಯಲು ನಲ್ಲಿ ಬಿಟ್ಟರು. ಮೇಲಿನ ಸಿಂಟೆಕ್ಸ್ ತೊಟ್ಟಿ ತಾರಸಿಯ ಮೇಲೆಯೇ ಕುಳಿತಿದೆ; ಎರಡು ನಲ್ಲಿ ಒಟ್ಟಿಗೆ ಬಿಟ್ಟರೆ ನೀರಿನ ಒತ್ತಡ ಬೀಳುತ್ತದೆ; ಒತ್ತಡ ಬಿದ್ದರೆ ಜ್ವಾಲೆ ಆರುತ್ತದೆ. ನೆತ್ತಿಯ ಮೇಲೆ ತಣ್ಣೀರು. ಕೂಗಿದೆ. ಅಕ್ಕ ನಲ್ಲಿ ನಿಲ್ಲಿಸಿದರು. ಜ್ವಾಲೆ ಬಂತು, ಈ ಸಲ ನೀರು ಕುದಿಯುವ ಹಾಗಿತ್ತು. ಮತ್ತೆ ಕೂಗಿದೆ. ಗಾಬರಿಯಿಂದ ಅಕ್ಕ ಮತ್ತೆ ನಲ್ಲಿ ಬಿಟ್ಟರು.

ನಾಲ್ಕನೆಯ ಸುತ್ತಿಗೆ ಜ್ವಾಲೆ ಬರಲೇ ಇಲ್ಲ. ಕಿಡಿ ಹೊತ್ತಿಸುವ ಎರಡು ದಪ್ಪ ಸೆಲ್ಲುಗಳು ಪ್ರಾಣ ಬಿಟ್ಟಿದ್ದವು. ಕಣ್ಣಿನಲ್ಲಿ ಸೀಗೆಪುಡಿ, ಮೈಮೇಲೆ ಎಣ್ಣೆ, ಬಾಗಿಲಾಚೆ ಭಾವ. "ಅಲುಗಾಡಬೇಡಿ, ಈಗ ಬಂದೆ" ಎಂದು ಹೋದವರು ತಮ್ಮ ಟಾರ್ಚಿನ ಸೆಲ್ಲುಗಳನ್ನು ತೆಗೆದು ತಂದು ಹಾಕಿದರು. ನನ್ನ ಸ್ನಾನ ಮುಗಿಯಿತು. ಅಂದು ನಾಲೆಯಲ್ಲಿ ಕಟ್ಟು ಪದ್ಧತಿಯ ನೀರಿನ ಸರದಿ ಅವರದಾಗಿತ್ತು. ಹಳೆಯ ಸೆಲ್ಲುಗಳನ್ನು ತುಂಬಿದ ಟಾರ್ಚು ಹಿಡಿದು ನಡುರಾತ್ರಿ ನೀರು ಕಟ್ಟಲು ಹೋದ ಭಾವ ಕತ್ತಲಲ್ಲಿ ಬದುವಿನಿಂದ ಜಾರಿ ಕಾಲುವೆಗೆ ಇಳಿದರು. ತೊಟ್ಟಿ ಇಲ್ಲದ ಸ್ನಾನ ಅವರಿಗೂ ಆಯಿತು.

ಗ್ಯಾಸ್ ಬೇಡ, ಕರೆಂಟಿನದೇ ಇನ್‌ಸ್ಟಂಟ್ ನೋಡೋಣವೆಂದು ಶಿವರಾಂಪೇಟೆಯ ಅಂಗಡಿಯೊಂದಕ್ಕೆ ಹೋದೆ. ಮೂರು ಲೀಟರಿನ, ಮೂರು ಕಿಲೋವ್ಯಾಟಿನ, ಮುದ್ದಾದ ಬಿಳಿ ಪೆಟ್ಟಿಗೆ. ಅಂಗಡಿಯವರು ಕಾಫಿ ತರಿಸಿದರು. ನಾನು ಅವರದೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ: ಇಷ್ಟು ಶಕ್ತಿಗೆ ಸ್ನಾನದ ಹದದ ನೀರು ನಿಮಿಷಕ್ಕೆ ಎರಡೇ ಲೀಟರು. ಒಂದು ಬಕೆಟ್ ತುಂಬಲು ಒಂಬತ್ತು ನಿಮಿಷ! ನಿಮಿಷಕ್ಕೆ ಏಳೆಂಟು ಲೀಟರು ಧಾರಾಳವಾಗಿ ಬೀಳಬೇಕಾದರೆ ಹತ್ತು ಕಿಲೋವ್ಯಾಟಿಗೂ ಹೆಚ್ಚು ಬೇಕು. ನಮ್ಮ ಮನೆಗೆ ಮಂಜೂರಾಗಿರುವ ಲೋಡೇ ಮೂರು. ಅಂಗಡಿಯವರು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ಸಾರ್, ಇನ್ನೊಂದು ಕಾಫಿ?" ಎಂದರು. ಎರಡು ಕಾಫಿ ಕುಡಿದು ಬರಿಗೈಯಲ್ಲಿ ಎದ್ದು ಬರುವುದು ನನಗೆ ಈ ವಯಸ್ಸಿನವರೆಗೂ ಸಾಧ್ಯವಾಗಿಲ್ಲ. ಪೆಟ್ಟಿಗೆ ಸ್ಕೂಟರಿನಲ್ಲಿ ನನ್ನ ಕಾಲ ಬಳಿ ಕುಳಿತು ಮನೆಗೆ ಬಂತು.

ಹಾಕಲು ಬಂದ ಹುಡುಗ ಹಳೆಯದನ್ನು ಕೆಳಗಿಳಿಸುವ ಮೊದಲು ಒಮ್ಮೆ ಬೆರಳಿನಿಂದ ಸವರಿ ನೋಡಿದ. "ಸಾರ್, ಟ್ಯಾಂಕ್ ಸೋರುತ್ತಿಲ್ಲ. ಪೈಪಿನ ವಾಷರ್ ಹೋಗಿದೆ." ಹತ್ತು ರೂಪಾಯಿಯ ವಾಷರ್. ಬಂದದ್ದಕ್ಕೆ ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನೂ ಹೊರಗೆಳೆದ. ಕಬ್ಬಿಣದ ತೊಟ್ಟಿಗೆ ತುಕ್ಕು ಹಿಡಿಯದಿರಲೆಂದು ಅದರ ಬದಲು ತಾನು ಕರಗುವ ಕಡ್ಡಿಯಂತೆ. ಹನ್ನೆರಡು ವರ್ಷದಲ್ಲಿ ತಂತಿಯಷ್ಟೇ ಉಳಿದಿತ್ತು. ಅಮ್ಮ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಗೊತ್ತಾಯಿತು ಬಿಡು, ಮನೆಗೆ ಸೊಸೆ ಇದ್ದ ಹಾಗೆ" ಎಂದರು. ಹೆಂಡತಿ ನನ್ನ ಕಡೆ ನೋಡಿದಳು. ನಾನು, ಹಂಡೆ ಒಲೆಯ ನೀರಿನ ಸುಖವೇ ಬೇರೆ, ತೆಂಗಿನ ಮಟ್ಟೆಯ ಆ ಹೊಗೆಯ ಘಮ... ಎಂದು ಮಾತು ತಿರುಗಿಸಲು ಹೋದೆ. "ನೀನು ಒಂದು ದಿನವಾದರೂ ಆ ಒಲೆ ಊದಿದ್ದೀಯೇನೋ?" ಎಂದರು ಅಮ್ಮ. ನಲವತ್ತು ವರ್ಷ ಊದಿದವರ ಪ್ರಶ್ನೆ. ಹುಡುಗ ಹೊಸ ಕಡ್ಡಿ ಹಾಕಿದ.

ಉಳಿದದ್ದು ಬಿಳಿ ಪೆಟ್ಟಿಗೆ. ಬಿಚ್ಚಿದ ಮಾಲನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. "ಇಂಥದ್ದು ಅಡುಗೆಮನೆ ಸಿಂಕಿಗೆ ಹೇಳಿ ಮಾಡಿಸಿದ್ದು ಸಾರ್, ಸಣ್ಣ ಧಾರೆ ಸಾಕಲ್ಲ" ಎಂದ ಹುಡುಗ, ಯಾರ ಒಪ್ಪಿಗೆಗೂ ಕಾಯದೆ ಗೋಡೆಗೆ ತೂತು ಕೊರೆದ.

ಇಲ್ಲೊಂದು ವಿಷಯವನ್ನು ಮೊದಲೇ ಹೇಳಬೇಕಿತ್ತು. ರಾತ್ರಿ ಊಟದ ಪಾತ್ರೆಗಳನ್ನು ನಾನು ತೊಳೆಯಬೇಕೆಂಬ ಒಪ್ಪಂದ ನಿವೃತ್ತಿಯ ದಿನವೇ ಆಗಿತ್ತು. ತಣ್ಣೀರು ತಾಗಿದರೆ ಬೆರಳ ಗಂಟು ಹಿಡಿಯುತ್ತದೆಂಬ ಕಾರಣಕ್ಕೆ ಎರಡು ವರ್ಷದಿಂದ ಅದು ಜಾರಿಗೆ ಬಂದಿರಲಿಲ್ಲ.

ಈಗ ನಿಮಿಷಕ್ಕೆ ಎರಡು ಲೀಟರು, ಹದವಾಗಿ ಬರುತ್ತದೆ. ನಿನ್ನೆ ಸಾರಿನ ಪಾತ್ರೆಯ ತಳ ಉಜ್ಜುತ್ತಿದ್ದಾಗ ಹಾಲಿನಿಂದ ಅಮ್ಮನ ಧ್ವನಿ ಬಂತು.

"ಆರಿಸಿದೆಯೇನೋ?"

"ಇನ್ನೂ ಎರಡು ತಟ್ಟೆ ಇದೆ ಅಮ್ಮ" ಎಂದೆ.