ಸ್ಪಷ್ಟನೆ: ರೈಸಿಂಗ್ ಸ್ಟಾರ್ ಗುಹೆಯ ಮೂಳೆಗಳು 30 ಲಕ್ಷ ವರ್ಷ ಹಳೆಯವಲ್ಲ

ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯ ಬಗ್ಗೆ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಅಲ್ಲಿ ಸಿಕ್ಕ 'ಹೋಮೋ ನಲೇಡಿ' (ಅಳಿದುಹೋದ ಒಂದು ಮಾನವ ಪ್ರಭೇದ) ಮೂಳೆಗಳು 30 ಲಕ್ಷ ವರ್ಷ ಹಳೆಯವು, ಅವರೇ ನಮ್ಮ ಪೂರ್ವಜರು, ಸತ್ತವರನ್ನು ಅವರು ಹೂಳುತ್ತಿದ್ದದ್ದು ಸಾಬೀತಾಗಿದೆ ಅಂತ. ಗುಹೆ ನಿಜ, ಮೂಳೆಗಳೂ ನಿಜ. ಉಳಿದದ್ದು ಹಾಗಿಲ್ಲ.

ಮೂಳೆಗಳು ಸಿಕ್ಕಿದ್ದು 2013ರಲ್ಲಿ. 2015ರಲ್ಲಿ ಹೆಸರಿಟ್ಟಾಗ ವಯಸ್ಸು ಗೊತ್ತಿರಲಿಲ್ಲ. ತಲೆಬುರುಡೆ ತುಂಬಾ ಚಿಕ್ಕದು, ಮೆದುಳು ನಮ್ಮದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಬಹಳ ಹಳೆಯದಿರಬೇಕು ಅಂತ ಹಲವರು ಊಹಿಸಿದರು. 2017ರಲ್ಲಿ ಹಲ್ಲುಗಳನ್ನೂ ಗುಹೆಯ ಪದರಗಳನ್ನೂ ಪರೀಕ್ಷಿಸಿದಾಗ ಬಂದ ಉತ್ತರ: ಸುಮಾರು 3,35,000ದಿಂದ 2,36,000 ವರ್ಷ. ಆ ಹೊತ್ತಿಗೆ ಆಫ್ರಿಕಾದಲ್ಲಿ ನಮ್ಮದೇ ಪ್ರಭೇದದ (ಹೋಮೋ ಸೇಪಿಯನ್ಸ್) ಆರಂಭದ ಜನ ಇದ್ದರು. ಅಂದಮೇಲೆ ಇವರನ್ನು ನಮ್ಮ ನೇರ ಪೂರ್ವಜರು ಅನ್ನೋಕೆ ಆಧಾರವಿಲ್ಲ. ನನಗಂತೂ 30 ಲಕ್ಷಕ್ಕಿಂತ ಇದೇ ಜಾಸ್ತಿ ಅಚ್ಚರಿಯ ಸುದ್ದಿ.

ಇನ್ನು ಹೂಳುವ ವಿಚಾರ. ಮೂಳೆಗಳಿದ್ದ ಕೋಣೆಗೆ ಇಳಿಯಲು ಸುಮಾರು 12 ಮೀಟರ್ ಉದ್ದದ ಸೀಳು. ಕೆಲವು ಕಡೆ ಅದರ ಅಗಲ ಒಂದು ಗೇಣೂ ಇಲ್ಲ. ಅಗೆಯಲು ಸಣ್ಣ ಮೈಕಟ್ಟಿನ ಆರು ಮಹಿಳಾ ವಿಜ್ಞಾನಿಗಳನ್ನೇ ಆರಿಸಬೇಕಾಯಿತು. ಅಂಥ ಕತ್ತಲಿಗೆ ಕನಿಷ್ಠ 15 ಜನರ ದೇಹ ಹೇಗೆ ಬಂತು? ಹೂತಿದ್ದರು ಎಂದು, ಈ ಮೂಳೆಗಳ ಸಂಶೋಧನೆ ನಡೆಸಿದ ವಿಜ್ಞಾನಿ ಲೀ ಬರ್ಗರ್ ಅವರ ತಂಡ 2023ರಲ್ಲಿ ಹೇಳಿತು. ಪುರಾವೆ ಸಾಲದು ಎಂದು ಆಗ ಪರಿಶೀಲಿಸಿದ ತಜ್ಞರು ಬರೆದರು. ಆಮೇಲೆ ತಂಡ ಇನ್ನಷ್ಟು ವಿವರ ಕೊಟ್ಟಿದೆ, ಆದರೆ ಚರ್ಚೆ ಮುಗಿದಿಲ್ಲ. ಸಂದೇಶ ಕಳಿಸುವವರು 'ಸಾಬೀತಾಗಿದೆ' ಅನ್ನೋದನ್ನು ದಯವಿಟ್ಟು ತೆಗೆಯಿರಿ.